ಮುದ್ದತು ಮುಗಿದ ನನ್ನ ಖಾತೆ

ಉದಗೀರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುವ ನನ್ನ ಮೊಮ್ಮಗಳು ಆ ಮುಂಜಾನೆ ಕೆಂಪು ಕಣ್ಣು ಮಾಡಿಕೊಂಡು ಕೂತಿದ್ದಳು. ತಾನು ಬರೆದ ಪ್ರೋಗ್ರಾಮನ್ನು ಅಂದು ಮಧ್ಯಾಹ್ನ ಸರಿಯಾಗಿ ನಡೆಸಿ ತೋರಿಸದಿದ್ದರೆ ಪರೀಕ್ಷೆಯಲ್ಲಿ ನಪಾಸು. ನಮ್ಮೂರು ನಿಲಂಗಾದಿಂದ ಬಸ್ಸು ಹೊರಡಲು ಹೆಚ್ಚು ಹೊತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ನನ್ನ ಹೆಸರಿಗೊಂದು ಖಾತೆ ತೆರೆದು, ಅದರ ಮುದ್ದತು ಹಿಂದಿನ ದಿನವೇ ಮುಗಿದಂತೆ ಮಾಡಿದ್ದಳು. ಪಾಸ್‌ವರ್ಡ್ ಸರಿಯಾಗಿ ಒತ್ತಿದರೂ ಅವಳ ಪ್ರೋಗ್ರಾಮು ನನ್ನನ್ನು ಒಳಗೆ ಬಿಡಬಾರದು. ನನ್ನ ಕೈಯಿಂದಲೇ ಒತ್ತಿಸಿ ನೋಡುತ್ತಿದ್ದಳು; ಹಾಳಾದ್ದು ಪ್ರತಿ ಸಲ ಬಿಡುತ್ತಿತ್ತು.

ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಮರಾಠಿ. ಇಂಗ್ಲಿಷ್ ಅಕ್ಷರ ಒಂದೊಂದೇ ಹುಡುಕಿ ಒತ್ತುವಷ್ಟರಲ್ಲಿ ಕತ್ತು ಹಿಡಿದುಕೊಂಡಿತ್ತು.

“ಆಯಿ, ಇನ್ನೊಮ್ಮೆ ಒತ್ತು.”

“ಒತ್ತಿ ಒತ್ತಿ ಸಾಕಾಗ್ಯದ ಯವ್ವಾ. ಪಾಸ್‌ವರ್ಡ್ ಬರೋಬರ್ ಹಾಕೀನಿ ಅಂದಮ್ಯಾಲ ಬಿಡ್ಲಾರದೆ ಏನ್ ಮಾಡ್ತದ ಅದು?”

“ಪಾಸ್‌ವರ್ಡಿನಿಂದ ನೀ ಅಂದ್ರ ನೀನೇ ಅಂತ ಗೊತ್ತಾಗ್ತದ, ಅಷ್ಟೇ. ನಿನ್ನ ಖಾತೆ ಇನ್ನಾ ಚಾಲೂ ಅದನೋ ಇಲ್ಲೋ, ಅದು ಬ್ಯಾರೆ ನೋಡಬೇಕು.”

“ನಾ ಅಂತೂ ಇನ್ನಾ ಚಾಲೂ ಇದ್ದೀನಿ ತಗೋ.”

ಅವಳು ನಗಲಿಲ್ಲ. ತಾನು ಬರೆದದ್ದನ್ನು ಮೇಲಿಂದ ಕೆಳಗೆ ಮತ್ತೆ ಓದಿದಳು. ಒಂದು ಕಡೆ ಬೆರಳು ನಿಂತಿತು. ಹಣೆ ಬಡಿದುಕೊಂಡಳು.

“ಎಂಥಾ ಹುಚ್ಚಿ ನಾ! ಖಾತೆ ಮುಗಿದದೇನು ಅಂತ ಕಂಪ್ಯೂಟರಿಗೆ ಕೇಳೀನಿ. ಮುಗಿದದ ಅಂತ ಅದು ಹೇಳ್ಯದ. ಅದರ ಮಾತ ಕೇಳಿಸ್ಕೊಳ್ಳದೇ ಬಾಗಿಲ ತೆಗದೀನಿ.”

“ನಿಮ್ಮ ಮುತ್ಯಾನ ಚಾಳಿ ಬಂದದ. ಬಜಾರದಿಂದ ಏನ್ ತರ್ಲಿ ಅಂತಾರ, ನಾ ಬಾಯಿ ತೆಗಿಯೂದ್ರಾಗ ಚಪ್ಪಲ್ ಹಾಕ್ಕೊಂಡು ಹೊಂಟಿರ್ತಾರ.”

ಈಗ ನಕ್ಕಳು. ಎರಡು ಸಾಲು ಸೇರಿಸಿ, “ಒತ್ತು” ಎಂದಳು. ಒತ್ತಿದೆ. ಪಾಸ್‌ವರ್ಡ್ ಸರಿ, ಖಾತೆಯ ಮುದ್ದತು ಮುಗಿದಿದೆ ಎಂದು ಬಂತು. ಬಾಗಿಲು ತೆರೆಯಲಿಲ್ಲ. ಇಬ್ಬರೂ ಹೋ ಎಂದು ಕೂಗಿದೆವು. ನನ್ನನ್ನು ತಬ್ಬಿ, ಚೀಲ ಹೆಗಲಿಗೇರಿಸಿ ಓಡಿದಳು. ನಾನು ಅಲ್ಲೇ ನೆಲಕ್ಕೆ ಅಡ್ಡಾದೆ. ರೊಟ್ಟಿ ಬಡಿಯುವ ತ್ರಾಣವೂ ಇರಲಿಲ್ಲ.

ಸಂಜೆ ಹೊಸ್ತಿಲಲ್ಲೇ ನಿಂತು ಕೂಗಿದಳು: “ಪಾಸ್, ಆಯಿ! ಸರ್ ಸುದ್ದಾ ನಿನ್ನ ಹೆಸರ್ಲೆ ಒಳಗ ಹೋಗ್ಲಾಕ ನೋಡಿದ್ರು. ಬಿಡಲಿಲ್ಲ!”

ಗೋಡೆ ಹಿಡಿದುಕೊಂಡು ಓಣಿಯ ಮನೆಮನೆಗೆ ಹೋಗಿ, ನನ್ನ ಮೊಮ್ಮಗಳು ನನ್ನನ್ನು ಹೊರಗೇ ನಿಲ್ಲಿಸಿದಳೆಂದು ಹೇಳಿ ಬಂದೆ.