ಫ್ರಿಡ್ಜಿಗೊಂದು ಸಿಂಬೆ

ತಾತನ ಎರಡು ದವಡೆ ಹಲ್ಲು ಕೀಳಿಸಿಕೊಂಡು ನಾವಿಬ್ಬರೂ ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಗೆ ಬಂದಿಳಿದಾಗ ಮಧ್ಯಾಹ್ನ ಎರಡಾಗಿತ್ತು. ಬಲಗೆನ್ನೆ ಬನ್ನಿನಂತೆ ಊದಿತ್ತು. ಇವತ್ತೆಲ್ಲ ಮಾತಾಡಬಾರದು, ಕೆನ್ನೆಗೆ ಐಸ್ ಒತ್ತಬೇಕು ಅಂತ ಡಾಕ್ಟರು ಹೇಳಿದ್ದರು. ಮಾತಾಡದ ತಾತ ನನಗೆ ಸಿಕ್ಕಿದ್ದು ಅದೇ ಮೊದಲು. ಊರವರ ದನಿಯನ್ನೆಲ್ಲ ಅಣಕಿಸಿ ಬೈಸಿಕೊಳ್ಳುವ ನಾನು ಬಸ್ಸಿನಲ್ಲೇ ಅವನಿಗೆ ಡಬ್ಬಿಂಗ್ ಶುರು ಮಾಡಿದ್ದೆ. ಅವನು ಕೈಯಾಡಿಸಿದರೆ ಸಾಕು, ಅವನದೇ ಗೊಗ್ಗರು ದನಿಯಲ್ಲಿ, "ಮೆಲ್ಗೆ ಓಗ್ಲಿ ಕಣ್ಲಾ, ನನ್ ದವ್ಡೆ ನಿನ್ ಗಾಡಿ ಟೈರಲ್ಲ!" ಕಂಡಕ್ಟರು ನಕ್ಕರು. ತಾತ ನನ್ನ ತೊಡೆ ಚಿವುಟಿದ.

ಮನೆಯಲ್ಲಿ ಐಸ್ ಇರಲಿಲ್ಲ. ಹಳೇ ಫ್ರಿಡ್ಜಿನ ಮೇಲ್ಖಾನೆಯ ತುಂಬ ಹಿಮದ ಪುಡಿ. ಕೆರೆದು ಕೆನ್ನೆಗೆ ಮುಟ್ಟಿಸುವುದರೊಳಗೆ ನೀರಾಯಿತು. ಆರಕ್ಕೆ ಕರೆಂಟ್ ಹೋಗುತ್ತದೆ. ಅಷ್ಟರೊಳಗೆ ಗಡ್ಡೆ ಕಟ್ಟದಿದ್ದರೆ ತಾತನಿಗೆ ರಾತ್ರಿಯೆಲ್ಲ ಉರಿಯೇ ಗತಿ.

ಅಜ್ಜಿ ನೋಡಿದರೆ ಒಲೆ ಮೇಲೆ ನೀರಿಟ್ಟಳು.

"ಐಸ್ ಮಾಡಕ್ಕೆ ನೀರ್ ಕಾಯ್ಸ್ತಿಯಾ ಅಜ್ಜಿ?"

"ಬಿಸ್ನೀರೇ ಬಿರ್ನೆ ಗಡ್ಡೆ ಕಟ್ಟೋದು ಕಣ್ಲಾ. ಮೊನ್ನೆ ಎಲ್ಡೂ ಇಟ್ಟಿದ್ದೆ, ಬಿಸೀದೇ ಮುಂದು. ಕಣ್ಣಾರ ನೋಡಿವ್ನಿ."

ತಾತ ಹಣೆ ಚಚ್ಚಿಕೊಂಡ. ನಾನು ಅವನ ದನಿ ತೆಗೆದೆ: "ಇಂಥ ಬುದ್ವಂತೆ ಕಟ್ಕಂಡು ಇಷ್ಟ್ ವರ್ಸ ಬಾಳಿವ್ನಿ, ಓಗಿದ್ದು ಬರೀ ಎಲ್ಡು ಅಲ್ಲು!"

"ಆಡ್ಕಳಿ, ಆಡ್ಕಳಿ" ಎಂದಳು ಅಜ್ಜಿ.

ತಣ್ಣೀರೂ ಇಡು ಅಂತ ತಾತ ಸನ್ನೆ ಮಾಡಿದ. ಅಜ್ಜಿ ಎರಡು ಸ್ಟೀಲ್ ಬಟ್ಟಲು ಒಳಗಿಟ್ಟು ಬಾಗಿಲು ಮುಚ್ಚಿದಳು. ನಾನು ಫೋನಿನಲ್ಲಿ ಹುಡುಕಿದೆ. ಒಬ್ಬರು ಹೌದೆಂದರು, ಒಬ್ಬರು ಇಲ್ಲವೇ ಇಲ್ಲವೆಂದರು. ಬಿಸಿ ಪಾತ್ರೆ ತಳದ ಹಿಮ ಕರಗಿಸಿಕೊಂಡು ಖಾನೆಗೆ ಅಂಟಿ ಕೂತರೆ ಒಮ್ಮೊಮ್ಮೆ ಗೆಲ್ಲಬಹುದು ಅಂತ ಒಂದು ಕಡೆ ಇತ್ತು. ವಿಜ್ಞಾನಿಗಳ ಮನೆಯಲ್ಲೂ ತಾತ ಅಜ್ಜಿ ಇದ್ದಾರೆ ಎಂದುಕೊಂಡೆ.

ಐದೂವರೆಗೆ ತೆಗೆದು ನೋಡಿದರೆ ತಣ್ಣೀರು ಕಲ್ಲಾಗಿತ್ತು. ಬಿಸಿನೀರಿನ ಬಟ್ಟಲಲ್ಲಿ ಮೇಲೆ ತೆಳು ಕೆನೆ, ಕೆಳಗೆ ನೀರು ಕುಲುಕುತ್ತಿತ್ತು. ಎತ್ತಿದರೆ ಅಡಿಯಲ್ಲಿ, ಹಳೇ ಸೀರೆ ಚೂರನ್ನು ಬಳೆಯಂತೆ ಸುತ್ತಿದ ಸಿಂಬೆ!

"ಮೊನ್ನೆನೂ ಇದ ಇಕ್ಕಿದ್ಯಾ?"

"ಮೊನ್ನೆ ಮರ್ತಿದ್ದೆ. ಬಿಸಿ ಪಾತ್ರೆನ ಅಂಗೇ ಇಟ್ರೆ ಪಾಪ, ಫ್ರಿಡ್ಜು ಸುಟ್ಟೋಗಕಿಲ್ವಾ?"

ಬಿಸಿ ಪಾತ್ರೆ ಹಿಮ ಕರಗಿಸಿ ಅಂಟಿ ಕೂರದಂತೆ ಸಿಂಬೆಯೇ ತಡೆದದ್ದು ಅಂತ ನಾನು ನಗುತ್ತಾ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಅವ್ರ್ ನೋವು ಬಿರ್ನೆ ಇಳೀಲಿ ಅಂತ ಕಣ್ಲಾ ಕಾಯ್ಸಿದ್ದು."

ತಾತ ಎರಡೂ ಬಟ್ಟಲು ನೋಡಿದ. ಅಜ್ಜಿಯದನ್ನೇ ತೆಗೆದುಕೊಂಡು ಕೆನ್ನೆಗೆ ಒತ್ತಿದ. ಕೆನೆ ಒಡೆದು ನೀರು ಕುತ್ತಿಗೆಗಿಳಿಯಿತು. ನನ್ನ ಕಡೆ ತಿರುಗಿ ಕೈಯಾಡಿಸಿದ: ಮಾತಾಡು.

ಕುಚೋದ್ಯದ ಮಾತೊಂದು ನಾಲಿಗೆ ತುದಿಯಲ್ಲಿತ್ತು, ನುಂಗಿದೆ. ಅವನ ಗೊಗ್ಗರು ದನಿಯನ್ನೇ ಮೆತ್ತಗೆ ಮಾಡಿ, "ನಿನ್ ಬಟ್ಲೇ ಇತವಾಗ್ಯದೆ ಕಣಮ್ಮಿ" ಎಂದೆ. ತಾತ ಹೂಂ ಎಂದು ತಲೆಯಾಡಿಸಿದ.

"ಅವ್ರು ಯಾವತ್ತ್ ಇಂಗಂದವ್ರೆ? ನೀನೇ ಸೇರ್ಸಿದ್ದು" ಅಂತ ಅಜ್ಜಿ ನನ್ನನ್ನು ಗದರಿದಳು. ತಣ್ಣೀರಿನ ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಅವನ ಕೈಲಿದ್ದ ಬಟ್ಟಲು ಕಿತ್ತಿಟ್ಟು, ಕೆನ್ನೆಗೆ ತಾನೇ ಹಿಡಿದು ಕೂತಳು.