ಅಣ್ಣನ ಊಟ

ದೊಡ್ಡಮ್ಮನ ಎಡ ಮಣಿಕಟ್ಟಿನ ಒಳಭಾಗದ ಚರ್ಮ ಉಳಿದ ಕೈಯ ಬಣ್ಣದ್ದಾಗಿರಲಿಲ್ಲ. ಸುಟ್ಟು, ಮಾಯ್ದು, ಮತ್ತೆ ಸುಟ್ಟು ಹಣ್ಣೆಲೆಯ ಹಾಗೆ ಕಂದಿಹೋಗಿತ್ತು. ಒಲೆಯಿಂದ ಇಳಿಸಿದ ಗಂಜಿಯಾಗಲಿ, ಬೇಳೆಯ ಕಟ್ಟಾಗಲಿ, ಮೊದಲು ಅಲ್ಲಿಗೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡದೆ ಅವಳು ಮಗನ ಬಾಯಿಗೆ ಇಟ್ಟವಳಲ್ಲ.

ಆ ಮಗ ನನಗಿಂತ ದೊಡ್ಡವನು, ನನಗೆ ಅಣ್ಣ. ಹುಟ್ಟಿದಾಗ ಬಹಳ ತಡವಾಗಿ ಅತ್ತನಂತೆ. ಅವನಿಗೆ ಕುತ್ತಿಗೆ ನೆಟ್ಟಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ. ಹಲ್ಲು ಬಂದರೂ ಅಗಿಯುವುದು ಬರಲಿಲ್ಲ. ಮೀಸೆ ಮೂಡಿದ ಮೇಲೂ ಅವನ ಊಟವೆಂದರೆ ಅರೆದದ್ದು, ಸೋಸಿದ್ದು, ಕರಗುವಂತೆ ಬೇಯಿಸಿದ್ದು. ಅವರ ಮನೆ ಶಿಕಾರಿಪುರದಲ್ಲಿ, ದೊಡ್ಡಪ್ಪನದು ಅಲ್ಲೇ ಪೇಟೆಯಲ್ಲಿ ಕಿರಾಣಿ ಅಂಗಡಿ. ನಾವು ಸೊರಬದವರು. ಶಾಲೆಗೆ ರಜೆ ಬಂದರೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ನಾನು ದೊಡ್ಡಮ್ಮನ ಅಡುಗೆಮನೆಯಲ್ಲಿ ಇಳಿದುಬಿಡುತ್ತಿದ್ದೆ.

ಅಲ್ಲಿ ಬೆಳಗಿನಿಂದ ಏನಾದರೊಂದು ನೆನೆಯುತ್ತಲೋ ಬೇಯುತ್ತಲೋ ಇರುತ್ತಿತ್ತು. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟನ್ನು ತೆಳುವಾದ ಪಂಚೆ ಬಟ್ಟೆಯಲ್ಲಿ ಸೋಸುತ್ತಿದ್ದಳು. ಹುರಿದ ಶೇಂಗಾವನ್ನು ಬೆಣ್ಣೆಯಾಗುವ ತನಕ ಅರೆದು ಹಾಲಿಗೆ ಬೆರೆಸುತ್ತಿದ್ದಳು. ಕುಂಬಳಕಾಯಿ ಬೆಂದು ಮಿದುವಾದರೂ ಅದರ ನಾರನ್ನು ಬಿಡಿಸಿ ತೆಗೆಯುತ್ತಿದ್ದಳು. ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ, ವಾಸನೆ ತುಪ್ಪಕ್ಕೆ ಇಳಿದ ಮೇಲೆ ಸೋಸಿ, ಬರೀ ತುಪ್ಪವನ್ನು ಅನ್ನದ ಮೇಲೆ ಬಿಡುತ್ತಿದ್ದಳು. ಇಷ್ಟೆಲ್ಲ ಯಾಕೆಂದು ನನ್ನಮ್ಮ ಒಮ್ಮೆ ಕೇಳಿದಳು. ಅವಳು ದೊಡ್ಡಮ್ಮನ ತಂಗಿ, ಸಲುಗೆಯಿತ್ತು.

"ಎಲ್ಲ ಒಟ್ಟಿಗೇ ಮಿಕ್ಸಿಗೆ ಹಾಕಿ ತಿರುಗಿಸಿದ್ರೆ ಆಗ್ತಿತ್ತಲ್ಲೇ ಅಕ್ಕ. ಎಷ್ಟು ಹೊತ್ತು ಒಲೆ ಮುಂದೆ ಇರ್ತೀಯ ಮಾರಾಯ್ತಿ?"

"ಎಲ್ಲ ಕಲಸಿದ್ರೆ ಅದು ಕಲಗಚ್ಚು ಆಗ್ತತಿ ಕಣೇ," ಎಂದಳು ದೊಡ್ಡಮ್ಮ. "ನನ್ ಮಗ ಏನ್ ಎಮ್ಮೇನಾ? ಪಲ್ಯ ಪಲ್ಯದಂಗ ಇರ್ಬೇಕು, ಸಾರು ಸಾರಿನಂಗ."

ಅದಕ್ಕೇ ಅಣ್ಣನ ಮುಂದೆ ಪುಟ್ಟ ಪುಟ್ಟ ಬಟ್ಟಲುಗಳ ಸಾಲು. ಯುಗಾದಿಯ ದಿನ ಹೋಳಿಗೆಯನ್ನೂ ಹಾಲಿನಲ್ಲಿ ಅರೆದು ಕೊಡುತ್ತಿದ್ದಳು. ಅದು ನಾಲಿಗೆಗೆ ತಾಗಿದ ಕೂಡಲೇ ಅವನು ಇಡೀ ಮೈ ಅಲ್ಲಾಡಿಸಿ ನಗುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಬರೀ ನೀರು ತಡೆಯಿಲ್ಲದೆ ಶ್ವಾಸಕ್ಕೆ ಇಳಿದುಬಿಡುತ್ತಿತ್ತು. ಹಾಗಾಗಿ ನೀರಿಗೂ ಒಂದಿಷ್ಟು ಅಕ್ಕಿ ಗಂಜಿ ಸೇರಿಸಿ ಮಂದ ಮಾಡಿ, ಚಮಚದಲ್ಲೇ ಕುಡಿಸಬೇಕಿತ್ತು. ಒಂದು ಚಮಚ ಕೊಟ್ಟರೆ ಗಂಟಲು ಮೇಲೆದ್ದು ಕೆಳಗಿಳಿಯುವುದನ್ನು ನೋಡಬೇಕು. ಇಳಿಯಿತು ಅಂದ ಮೇಲೆ ಇನ್ನೊಂದು. ಹೀಗೆ ಒಂದೊಂದು ಊಟಕ್ಕೂ ಗಂಟೆಗಟ್ಟಲೆ ಹಿಡಿಯುತ್ತಿತ್ತು. ನೆಂಟರ ಮದುವೆಗೆ ಹೋದರೂ ಅಕ್ಷತೆ ಬಿದ್ದ ಕೂಡಲೇ ದೊಡ್ಡಮ್ಮ ಎದ್ದು ಬರುತ್ತಿದ್ದಳು. ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ನೋಡಿಲ್ಲ.

ಒಮ್ಮೆ ಅವಳಿಗೆ ಜ್ವರ ಬಂದಾಗ ದೊಡ್ಡಪ್ಪ ಉಣಿಸಲು ಕೂತರಂತೆ. ಅಂಗಡಿ ತೆರೆಯುವ ಅವಸರವಿತ್ತೇನೋ, ಮೊದಲಿನದು ಇಳಿಯುವ ಮುನ್ನವೇ ಇನ್ನೊಂದು ಚಮಚ ಇಟ್ಟರು. ಅಣ್ಣನಿಗೆ ನೆತ್ತಿಗೆ ಹತ್ತಿತು, ತುಟಿ ನೀಲಿಯಾಯಿತು. ದೊಡ್ಡಮ್ಮ ಹಾಸಿಗೆಯಿಂದ ಓಡಿ ಬಂದು ಅವನನ್ನು ಬಗ್ಗಿಸಿ ಬೆನ್ನಿಗೆ ಬಡಿದು ಉಳಿಸಿಕೊಂಡಳು. ದೊಡ್ಡಪ್ಪನಿಗೆ ಒಂದು ಮಾತೂ ಅನ್ನಲಿಲ್ಲವಂತೆ. ಆದರೆ ಅವತ್ತಿನಿಂದ ಚಮಚವನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ದೊಡ್ಡಪ್ಪ ಕೇಳಲೂ ಇಲ್ಲ. ಮಗ ಉಣ್ಣುವ ಹೊತ್ತಿಗೆ ಅವರು ಜಗುಲಿಗೆ ಹೋಗಿ ಕೂರುವುದು ರೂಢಿಯಾಯಿತು.

ದೊಡ್ಡವಳಾದ ಮೇಲೆ ನಾನೂ ಕೇಳಿದ್ದೆ. "ನಂಗೂ ಉಣಿಸೋದು ಕಲಿಸು ದೊಡ್ಡಮ್ಮ."

"ನಾನಿರೋತನಕ ನಿಂಗ್ಯಾಕ ಅದು? ನೀನು ಬಟ್ಟಲು ತೊಳಿ," ಎಂದು ನಕ್ಕಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ಅವಳು ಹಿತ್ತಲ ನಲ್ಲಿಯ ಹತ್ತಿರ ಬಿದ್ದಳು. ಎದೆನೋವನ್ನು ಎಷ್ಟು ದಿನದಿಂದ ನುಂಗಿಕೊಂಡಿದ್ದಳೋ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ದೊಡ್ಡಪ್ಪ ಅವಳ ಜೊತೆ ಹೋಗಬೇಕಾಯಿತು. ನಾನು ಸೊರಬದಲ್ಲಿ ಹೊಲಿಯುತ್ತಿದ್ದ ರವಿಕೆಗಳನ್ನು ಹಾಗೇ ಬಿಟ್ಟು ಅಣ್ಣನ ಹತ್ತಿರ ಬಂದೆ.

ಅವಳು ಮಾಡುತ್ತಿದ್ದುದನ್ನೆಲ್ಲ ಮಾಡಿದೆ. ನುಚ್ಚಿನ ಗಂಜಿ ಮಾಡಿದೆ, ಹೆಸರುಬೇಳೆಯನ್ನು ಕರಗಿಸಿ ಸೋಸಿದೆ, ಒಗ್ಗರಣೆಯ ತುಪ್ಪ ಬಿಟ್ಟೆ, ಬಿಸಿ ನೋಡಿದೆ. ಬೆನ್ನಿಗೆ ದಿಂಬು ಕೊಟ್ಟು ಅಣ್ಣನನ್ನು ನೆಟ್ಟಗೆ ಕೂರಿಸಿ, ಅವಳು ಕೂರುತ್ತಿದ್ದಲ್ಲೇ ಕೂತು ಚಮಚ ಎತ್ತಿದೆ. ಅಣ್ಣ ತುಟಿ ಬಿಗಿದ. ಮುಖ ತಿರುಗಿಸಿ ಅಡುಗೆಮನೆಯ ಬಾಗಿಲನ್ನೇ ನೋಡಿದ. ಹಾಡಿ ನೋಡಿದೆ, ಕೈಮುಗಿದು ನೋಡಿದೆ. ದೊಡ್ಡಮ್ಮನ ಸೀರೆಯನ್ನೇ ಉಟ್ಟು ಕೂತೆ. ಸೀರೆ ನೋಡಿ ಬಾಯಿ ತೆರೆಯಲು ಹೋದವನು ನನ್ನ ಮುಖ ಕಂಡು ಅಳತೊಡಗಿದ. ಆಮೇಲೆ ಆ ಸೀರೆ ಉಡುವ ಧೈರ್ಯ ಬರಲಿಲ್ಲ.

ಅವನ ತುಟಿ ಒಡೆಯಿತು, ಕಣ್ಣು ಒಳಗೆ ಹೋಯಿತು. ಊರಿನ ಡಾಕ್ಟರು ಮನೆಗೇ ಬಂದು ಸಲೈನ್ ಹಾಕಿದರು. "ಹಿಂಗೇ ಆದ್ರೆ ಮೂಗಿಗೆ ನಳಿಕೆ ಇಳಿಸಬೇಕಾಗ್ತದಮ್ಮ. ಇನ್ನು ಕಾಯೋದು ಬೇಡ," ಎಂದರು. ಫೋನಿನಲ್ಲಿ ದೊಡ್ಡಮ್ಮ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಉಂಡನಾ?" ನಾನು ಇಲ್ಲ ಎನ್ನುತ್ತಿದ್ದೆ. ಕೊನೆಗೆ, "ಇಲ್ಲಿಗೇ ಕರ್ಕೊಂಡ್ ಬಾರವ್ವ," ಎಂದಳು.

ಬಾಡಿಗೆ ಕಾರಿನಲ್ಲಿ ಅಣ್ಣನನ್ನು ಮಲಗಿಸಿಕೊಂಡು, ಮಡಿಲಲ್ಲಿ ಬಟ್ಟಲುಗಳನ್ನು ಇಟ್ಟುಕೊಂಡು ಹೋದೆ. ಬೇಡಿಕೊಂಡ ಮೇಲೆ ನರ್ಸಮ್ಮ ಸ್ವಲ್ಪ ಹೊತ್ತಿಗೆಂದು ಒಳಗೆ ಬಿಟ್ಟರು. ತಾಯಿಯನ್ನು ಕಂಡದ್ದೇ ಅಣ್ಣ ಕೂಗಿದ ಕೂಗಿಗೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ಸೂಜಿ ಚುಚ್ಚಿದ್ದ ಕೈಯಲ್ಲೇ ದೊಡ್ಡಮ್ಮ ಚಮಚ ಹಿಡಿದಳು. ಅವನು ಬಾಯಿ ತೆರೆದ. ನುಂಗಿದ. ಕೆಲವೇ ಚಮಚಕ್ಕೆ ಅವಳ ಕೈ ಸೋತು ಗಂಜಿ ಹಾಸಿಗೆ ಮೇಲೆ ಚೆಲ್ಲಿತು. ಚಮಚವನ್ನು ನನ್ನ ಕೈಗಿಟ್ಟಳು. ನಾನು ಮುಂದೆ ಚಾಚಿದ ಕೂಡಲೇ ಅವನು ತುಟಿ ಬಿಗಿದ.

"ಉಣ್ಣೋ!" ಎಂದು ದೊಡ್ಡಮ್ಮ ಗದರಿದಳು. ಅವನ ಮೇಲೆ ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಣ್ಣ ಬೆಚ್ಚಿಬಿದ್ದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾನೇ ತಪ್ಪು ಮಾಡ್ದೆ ಕಣವ್ವ. ಬರೀ ನನ್ ಕೈನೇ ಕಲಿಸಿದೆ ಅವಂಗ."

ನಾನು ಚೆಲ್ಲಿದ ಗಂಜಿಯನ್ನು ಒರೆಸಿದೆ. ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅಣ್ಣನನ್ನು ಮರುದಿನ ಅಲ್ಲೇ ಸೇರಿಸಿಕೊಂಡು ನಳಿಕೆ ಹಾಕುವುದೆಂದು ಮಾತಾಯಿತು. ಬೆಳಗಾಗುವಷ್ಟರಲ್ಲಿ ದೊಡ್ಡಮ್ಮ ಇರಲಿಲ್ಲ. ನಳಿಕೆಯ ಮಾತು ಅಲ್ಲಿಗೇ ನಿಂತಿತು, ಅಣ್ಣನನ್ನೂ ಕರೆದುಕೊಂಡು ಅವಳ ದೇಹದೊಂದಿಗೆ ಶಿಕಾರಿಪುರಕ್ಕೆ ಬಂದೆವು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ ಬಳಿದು, ಹೂವಿನ ಹಾರ ಹಾಕಿ ದೊಡ್ಡಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಕಡೇ ಸಲ ನೋಡಲಿ ಎಂದು ಅಣ್ಣನನ್ನು ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರಿಸಿ, ಅದನ್ನು ತಂದು ಎದುರಿಗೆ ಇಟ್ಟೆವು. ಅವನು ನೋಡಿದ. ಮುಖ ಅರಳಿತು. ಬಾಯಿ ತೆರೆದು ಕಾದ.

ಅಳುತ್ತಿದ್ದ ಹೆಂಗಸರು ಅವನತ್ತ ತಿರುಗಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನಾನು ಪಕ್ಕದ ಮನೆಗೆ ಓಡಿ ಒಂದಿಷ್ಟು ಹಾಲು, ಬಾಳೆಹಣ್ಣು ತಂದು ಕಿವುಚಿ, ಬಟ್ಟೆಯಲ್ಲಿ ಸೋಸಿ ಅವನ ಪಕ್ಕ ಕೂತೆ. ಕಣ್ಣು ತಾಯಿಯ ಮೇಲಿಂದ ತೆಗೆಯದೆ ಅವನು ನನ್ನ ಕೈಯ ಚಮಚವನ್ನು ಬಾಯಿಗೆ ತೆಗೆದುಕೊಂಡ. ಗಂಟಲು ಮೇಲೆದ್ದು ಇಳಿಯಿತು. ಮತ್ತೆ ಬಾಯಿ ತೆರೆದ.

"ಮಣ್ಣಿಗೆ ಹೊತ್ತಾತು, ಎತ್ತಬೇಕ್ರೀ," ಎಂದು ಹೊರಗಿನಿಂದ ಒಬ್ಬ ಹಿರಿಯರು ಕರೆದರು.

"ತಡೀರಿ," ಎಂದರು ದೊಡ್ಡಪ್ಪ. ಅವತ್ತು ಅವರು ಜಗುಲಿಗೆ ಹೋಗಿರಲಿಲ್ಲ. ಮಗನ ಕುರ್ಚಿ ಹಿಡಿದು ನಿಂತಿದ್ದರು. "ಅವ ಇನ್ನಾ ಉಣ್ತಾ ಅದಾನೆ."

ಊರೆಲ್ಲ ಬಾಗಿಲಲ್ಲಿ ನಿಂತು ಕಾಯಿತು. ನಾನು ಅವಸರ ಮಾಡಲಿಲ್ಲ.

ಈಗ ನಾನು ಅಲ್ಲೇ ಇದ್ದೇನೆ. ಹೊಲಿಗೆ ಮಷಿನ್ನನ್ನೂ ಶಿಕಾರಿಪುರಕ್ಕೆ ತರಿಸಿಕೊಂಡೆ. ಅಣ್ಣ ಹೆಚ್ಚಿನ ದಿನ ನನ್ನ ಕೈಯಲ್ಲಿ ಉಣ್ಣುತ್ತಾನೆ, ಆದರೂ ಸೊರಗಿದ್ದಾನೆ. ಕೆಲವು ದಿನ ತುಟಿ ಬಿಗಿದುಬಿಡುತ್ತಾನೆ. ಉಪ್ಪು ಕಡಿಮೆಯಾಯಿತೋ, ಗಂಜಿ ಗಟ್ಟಿಯಾಯಿತೋ, ಅಥವಾ ಅವಳು ನೆನಪಾದಳೋ ನನಗೆ ಗೊತ್ತಾಗುವುದಿಲ್ಲ. ಕೇಳೋಣವೆಂದರೆ, ಗೊತ್ತಿದ್ದವಳು ಅವಳೊಬ್ಬಳೇ.