ಜಲಜಾಳ ದೋಸೆಹಿಟ್ಟಿನ ಲಾಭ

ನಮ್ಮ ಜಲಜಾ ಗದಗಿನವಳು. ಗಂಡ ಮಲ್ಲಿಕಾರ್ಜುನ ವಡೋದರಾದ ಮಕರಪುರದ ಒಂದು ಕಾರ್ಖಾನೆಯಲ್ಲಿ ಫೋರ್ಮನ್. ಕಂಪನಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲೇ ಅವಳು ದೋಸೆಹಿಟ್ಟು ರುಬ್ಬಿ ಸುತ್ತಲಿನ ಗುಜರಾತಿ ಮನೆಗಳಿಗೆ ಮಾರುತ್ತಿದ್ದಳು. ಹಿಟ್ಟಿಗೆ ಇಲ್ಲಿ ‘ಖೀರು’ ಅಂತಾರೆ. ‘ಜಲಜಾಬೆನ್ ಖೀರು’ ಅಂದರೆ ಕಾಲೊನಿಯಲ್ಲೆಲ್ಲ ಹೆಸರು. ಅಕ್ಕಿ, ಉದ್ದು, ಪ್ಯಾಕೆಟಿನ ಖರ್ಚು ಕಳೆದು ಉಳಿದದ್ದೆಲ್ಲ ಲಾಭ ಅಂತ ಅವಳ ಲೆಕ್ಕ.

“ನಿಮ್ಮ ಪಗಾರಕ್ಕಿಂತ ನನ್ನ ಲಾಭ ಹೆಚ್ಚಾಗ್ತದ ನೋಡ್ರಿ,” ಅಂತ ಗಂಡನನ್ನು ರೇಗಿಸೋಳು. ಡ್ಯೂಟಿಗೆ ಮುಂಚೆ ಸ್ಕೂಟರಿನಲ್ಲಿ ಪ್ಯಾಕೆಟ್ ಹಂಚಿ ಬಂದ ಆ ಪುಣ್ಯಾತ್ಮ ನಕ್ಕು ಸುಮ್ಮನಾಗೋನು.

ಹೋದ ವರ್ಷ ಎದೆನೋವು ಅಂತ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಕ್ವಾರ್ಟರ್ಸ್ ಬಿಡಬೇಕಾಯಿತು. ಅಣ್ಣ ಗದಗಿಗೆ ಕರೆದ. “ಇನ್ನೊಬ್ಬರ ಮನ್ಯಾಗ ಕೂತು ಉಣ್ಣಂಗಿಲ್ಲ. ನನ್ನ ದಂಧೆ ನನಗದ,” ಅಂದಳು. ಬಾಡಿಗೆಗೆ ಅಂಗಡಿ ಹಿಡಿದಳು, ಹಂಚಲಿಕ್ಕೆ ಆಳಿಟ್ಟಳು. ಹಿಟ್ಟು ಮೊದಲಿನಷ್ಟೇ ಹೋಗುತ್ತಿತ್ತು, ಕೈಯಲ್ಲಿ ಮಾತ್ರ ಕಾಸು ನಿಲ್ಲಲಿಲ್ಲ. ರೇಟು ಏರಿಸಿದಳು, ಗಿರಾಕಿಗಳು ಅಗ್ಗಕ್ಕೆ ಹಿಟ್ಟು ಮಾರುವ ಪಕ್ಕದ ಡೇರಿಗೆ ನಡೆದರು.

ಕೊನೆಗೆ ನನ್ನ ಹತ್ತಿರ ಬಂದಳು. ನಾನು ವಿಮಾ ಕಚೇರಿಯಲ್ಲಿ ಲೆಕ್ಕ ಬರೆದೇ ಮುದುಕಿಯಾದವಳು, ಬಾಯಿ ಸ್ವಲ್ಪ ಜೋರು. “ಬಾಡಿಗೆ, ಕರೆಂಟು, ಕೂಲಿ ಕಳೆಯದೆ ಅದೆಂಥ ಲಾಭವೇ, ಮಹಾತಾಯಿ?” ಅಂದೆ.

“ಮೊದಲು ಲಾಭ ಇತ್ತಲ್ರೀ, ರಮಕ್ಕಾ,” ಅಂತ ಹಟ ಹಿಡಿದಳು.

ಸರಿ, ಗಂಡನಿದ್ದ ವರ್ಷಗಳ ಲೆಕ್ಕವನ್ನೇ ತೆಗೆದೆ. ಮಾರಾಟದಲ್ಲಿ ಮಾಲಿನ ಖರ್ಚು ಕಳೆದೆ. ಕಂಪನಿ ಪುಕ್ಕಟೆ ಕೊಟ್ಟ ಮನೆಗೂ ಕರೆಂಟಿಗೂ ಹೊರಗಿನ ದರ ಹಾಕಿ ಕಳೆದೆ. ಆಮೇಲೆ ಸ್ಕೂಟರಿನ ಪೆಟ್ರೋಲು, ಹಂಚುವವನ ಕೂಲಿ. ನಷ್ಟ ಬಂತು. ಯಾವ ವರ್ಷ ಹಿಡಿದರೂ ನಷ್ಟವೇ.

ಜಲಜಾ ಹಾಳೆ ತನ್ನ ಕಡೆ ಎಳೆದುಕೊಂಡು ಒಂದೊಂದೇ ಸಾಲು ಓದಿದಳು. ಆಮೇಲೆ, “ಅವರಿಗೆ ಗೊತ್ತಿತ್ತೇನ್ರಿ?” ಅಂದಳು.

ಕಾರ್ಖಾನೆಯ ಖರ್ಚು ನೋಡಿದ ಮನುಷ್ಯ, ಗೊತ್ತಿಲ್ಲದೆ ಏನು! ಆದರೆ ಬಾಯಿ ಜೋರಿನ ನಾನು ಅವತ್ತು ಹಾಳೆ ಮಡಚಿಟ್ಟು ಚಹಾಕ್ಕೆ ನೀರಿಟ್ಟೆ.

ದೀಪಾವಳಿ ಮುಗಿದು ಲಾಭಪಂಚಮಿ ಬಂತು. ಊರಿನ ಅಂಗಡಿಗಳೆಲ್ಲ ಪೂಜೆ ಮಾಡಿ ವರ್ಷದ ವ್ಯಾಪಾರ ಶುರುಮಾಡುವ ದಿನ. ಅವತ್ತೇ ಅವಳು ಅಂಗಡಿಯ ಕೀಲಿ ಮಾಲೀಕನಿಗೆ ಒಪ್ಪಿಸಿ, ಗದಗಿನ ರೈಲಿಗೆ ಹೊರಟಳು. ಹೋಗುವ ಮುಂಚೆ ನನ್ನ ಲೆಕ್ಕದ ಹಾಳೆ ಕೇಳಿದಳು.

“‘ಹಂಚುವವನ ಕೂಲಿ’ ಅಂತ ಬರದೀರಲ್ಲ, ಅಕ್ಕಾ, ಅದನ್ನ ಹೊಡದು ಹಾಕ್ರಿ. ಅಲ್ಲೆ ಅವರ ಹೆಸರು ಬರೀರಿ.”

ಬರೆದುಕೊಟ್ಟೆ.